ಕರೆದು ತಂದ ದಂಡು

ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದರೆ ಏನಾಗುತ್ತದೆ? ಕೃಷ್ಣೆ–ಘಟಪ್ರಭೆಗಳ ನಡುನಾಡು ಇನ್ನೂರು ವರ್ಷಗಳ ಹಿಂದೆ ಕಂಡುಕೊಂಡ ಉತ್ತರ

ರಬಕವಿ, ಬನಹಟ್ಟಿಗಳು ಇಂದು ಹೆಸರಿಗಷ್ಟೇ ಎರಡು ಊರುಗಳು. ನಗರಸಭೆ ಒಂದು, ತಾಲ್ಲೂಕು ಒಂದು, ನೇಕಾರಿಕೆಯೆಂಬ ಕಸುಬೂ ಒಂದು. ಆದರೂ 1948ರ ಮಾರ್ಚಿನವರೆಗೆ ಇವೆರಡರ ಒಡೆಯರು ಬೇರೆ ಬೇರೆಯಾಗಿದ್ದರು. ರಬಕವಿ ಸಾಂಗಲಿಯ ಪಟವರ್ಧನರಿಗೆ ಸೇರಿದ್ದರೆ, ಬನಹಟ್ಟಿ ಜಮಖಂಡಿಯ ಪಟವರ್ಧನರಿಗೆ ಸೇರಿತ್ತು. ಅನತಿ ದೂರದ ಮಹಾಲಿಂಗಪುರದಲ್ಲಿ ಮುಧೋಳದ ಘೋರ್ಪಡೆಯವರ ಆಳ್ವಿಕೆ ನಡೆಯುತ್ತಿತ್ತು. ಬೀಳಗಿಗೆ ಹೋದರೆ ಇವರಾರ ಅಧಿಕಾರವೂ ಅಲ್ಲಿ ಸಲ್ಲುತ್ತಿರಲಿಲ್ಲ. ಅದು ಇಂಗ್ಲಿಷರ ನೇರ ಆಡಳಿತಕ್ಕೆ ಒಳಪಟ್ಟ ವಿಜಾಪುರ ಜಿಲ್ಲೆಯ ಭಾಗ. ಇಂದು ಒಂದೇ ಬಾಗಲಕೋಟೆ ಜಿಲ್ಲೆಯೊಳಗೆ ಅಡಗಿರುವ ಈ ಊರುಗಳ ನಡುವೆ ಆಗ ನಾಲ್ಕು ಸರಕಾರಗಳ ಗಡಿಗಳು ಹಾದುಹೋಗಿದ್ದವು.

ಈ ತುಂಡುಗಳಲ್ಲಿ ಅನೇಕವು ಮರಾಠರ ಜಹಗೀರುಗಳಾಗಿ ಮೊದಲೇ ಇದ್ದವು. ಜಹಗೀರು ಎಂಬುದು ಕೊಟ್ಟವನು ಹಿಂದೆಗೆದುಕೊಳ್ಳಬಹುದಾದ, ಬಲವಿದ್ದವನು ಕಿತ್ತುಕೊಳ್ಳಬಹುದಾದ ಆಸ್ತಿ; ಕಾಲಕಾಲಕ್ಕೆ ಅದರ ಎಲ್ಲೆ ಬದಲಾಗುತ್ತಿತ್ತು. ಹಾಗೆ ಹರಿಯುತ್ತಿದ್ದ ಎಲ್ಲೆಗಳು ಹೆಪ್ಪುಗಟ್ಟಿ ಸುಮಾರು 130 ವರ್ಷ ಕಲ್ಲಿನಂತೆ ನಿಂತದ್ದು ಏಕೆ? ಅದರ ಕಾರಣವನ್ನು ಹುಡುಕಿ ಹೊರಟವರು 1802ರ ದೀಪಾವಳಿಯ ದಿನ ಪುಣೆಯ ಹೊರವಲಯದಲ್ಲಿ ನಡೆದ ಒಂದು ಕಾಳಗಕ್ಕೆ ಬಂದು ನಿಲ್ಲುತ್ತಾರೆ. ಒಂದು ರಾಜ್ಯದ ಅಂತಃಕಲಹದಲ್ಲಿ ಪರರಾಷ್ಟ್ರದ ಸೈನ್ಯ ಕೈಹಾಕಬಹುದೇ ಎಂಬ ಪ್ರಶ್ನೆಯನ್ನು ಜಗತ್ತು ಇಂದಿಗೂ ಬಿಡಿಸುತ್ತಿದೆ. ಆ ಪ್ರಶ್ನೆಯ ಒಂದು ಪೂರ್ಣ ಉದಾಹರಣೆ, ಆದಿಯಿಂದ ಅಂತ್ಯದವರೆಗೆ, ಈ ನೆಲದ ಚರಿತ್ರೆಯಲ್ಲಿಯೇ ಬರೆದಿಟ್ಟಂತಿದೆ.

ಪುಣೆಯ ಒಳಜಗಳ

ಹದಿನೆಂಟನೆಯ ಶತಮಾನದ ಕೊನೆಗೆ ಮರಾಠಾ ರಾಜ್ಯವು ಒಬ್ಬನ ಕೈಯಲ್ಲಿ ಇರಲಿಲ್ಲ. ಸಾತಾರೆಯಲ್ಲಿ ಛತ್ರಪತಿ ಹೆಸರಿಗೆ ಮಾತ್ರ ದೊರೆ. ಪುಣೆಯಲ್ಲಿ ಪೇಶ್ವೆಯು ಅವನ ಹೆಸರಿನಲ್ಲಿ ಅಧಿಕಾರ ನಡೆಸುತ್ತಿದ್ದ. ಸಿಂಧೆ, ಹೋಳ್ಕರ, ಭೋಸಲೆ, ಗಾಯಕವಾಡರು ತಮ್ಮ ತಮ್ಮ ಸೈನ್ಯಗಳೊಡನೆ ಅರೆಸ್ವತಂತ್ರರಾಗಿದ್ದರು. ದಕ್ಷಿಣದಲ್ಲಿ ಕೃಷ್ಣೆಯ ಇಕ್ಕೆಲಗಳಲ್ಲಿ ಪಟವರ್ಧನರ ಮನೆತನವಿತ್ತು. ಕೊಂಕಣದಿಂದ ಬಂದ ಹರಭಟ್ಟನೆಂಬ ಪುರೋಹಿತನ ಸಂತತಿಯಾದ ಇವರಿಗೆ ಪೇಶ್ವೆ ಮೊದಲನೆಯ ಮಾಧವರಾವ್ 1760ರ ದಶಕದಲ್ಲಿ ಇಲ್ಲಿ ಜಹಗೀರುಗಳನ್ನು ಕೊಟ್ಟಿದ್ದ. ಒಂದು ಕಡೆ ಹೈದರಾಲಿ, ಇನ್ನೊಂದು ಕಡೆ ಕೊಲ್ಹಾಪುರದವರು. ಇಬ್ಬರಿಗೂ ಎದುರಾಗಿ ಗಡಿ ಕಾಯುವ ಹೊಣೆ ಪಟವರ್ಧನರ ಮೇಲಿತ್ತು.

ಈ ಮನೆತನದ ಪರಶುರಾಮಭಾವು 1796ರಲ್ಲಿ ಒಂದು ರಾಜಕೀಯ ಪಣ ಕಟ್ಟಿದ. ಎರಡನೆಯ ಬಾಜಿರಾಯನಿಗೆ ಪೇಶ್ವೆ ಪಟ್ಟ ದೊರೆಯದಂತೆ ಅವನ ತಮ್ಮ ಚಿಮಣಾಜಿ ಅಪ್ಪನನ್ನು ಗದ್ದುಗೆಯ ಮೇಲೆ ಕೂರಿಸಿದ. ಆ ಏರ್ಪಾಡು ಕೆಲವೇ ತಿಂಗಳುಗಳಲ್ಲಿ ಕುಸಿಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಬಾಜಿರಾಯನೇ ಪೇಶ್ವೆಯಾದ. ಪಟವರ್ಧನರ ಮೇಲಿನ ಅವನ ಮುನಿಸು ಮಾತ್ರ ಎಂದೂ ಆರಲಿಲ್ಲ. ಪರಶುರಾಮಭಾವು 1799ರಲ್ಲಿ ಕೊಲ್ಹಾಪುರದವರೊಡನೆ ಕಾದಾಡಿ ಮಡಿದ. ಬಾಜಿರಾಯನನ್ನೂ ಸರದಾರರನ್ನೂ ಒಂದು ಹದದಲ್ಲಿ ಹಿಡಿದಿದ್ದ ನಾನಾ ಫಡ್ನವೀಸ 1800ರ ಮಾರ್ಚ್ 13ರಂದು ತೀರಿಕೊಂಡ. ಅಲ್ಲಿಗೆ ಕಟ್ಟು ಬಿಚ್ಚಿದ ಹೊರೆಯಂತಾಯಿತು ಮರಾಠಾ ರಾಜ್ಯ.

ಬಾಜಿರಾಯನು ಸಿಂಧೆಯ ಕಡೆಗೆ ವಾಲಿದ. 1801ರಲ್ಲಿ ಯಶವಂತರಾವ್ ಹೋಳ್ಕರನ ತಮ್ಮ ವಿಠೋಜಿಯನ್ನು ಸೆರೆಹಿಡಿದು ಪುಣೆಯಲ್ಲಿ ಆನೆಯ ಕಾಲಿಗೆ ಕಟ್ಟಿಸಿ ಕೊಲ್ಲಿಸಿದ. ತಮ್ಮನ ಸಾವಿಗೆ ಉತ್ತರ ಕೇಳಲು ಯಶವಂತರಾವ್ ದಂಡೆತ್ತಿ ಬಂದ. 1802ರ ಅಕ್ಟೋಬರ್ 25ರಂದು, ದೀಪಾವಳಿಯ ದಿನ, ಪುಣೆಯ ಪಕ್ಕದ ಹಡಪಸರದಲ್ಲಿ ಸಿಂಧೆ–ಪೇಶ್ವೆಯರ ಕೂಡುಸೈನ್ಯ ಅವನೆದುರು ಮುರಿದುಬಿತ್ತು.

ವಸಯಿಯ ಕರಾರು

ಸೋತ ಬಾಜಿರಾಯನ ಮುಂದೆ ಎರಡು ದಾರಿಗಳಿದ್ದವು. ಗೆದ್ದ ಹೋಳ್ಕರನು ಅವನನ್ನು ಪುಣೆಗೆ ಮರಳುವಂತೆ ಕೇಳಿಕೊಳ್ಳುತ್ತಿದ್ದ. ಮರಳಿ, ತಮ್ಮವರೊಡನೆ ಒಂದು ಒಪ್ಪಂದಕ್ಕೆ ಬರುವುದು ಮೊದಲನೆಯ ದಾರಿ. ವಿಠೋಜಿಯ ರಕ್ತ ಕೈಗಂಟಿದ್ದವನಿಗೆ ಆ ಧೈರ್ಯವಾಗಲಿಲ್ಲ. ಅವನು ಮಹಾಡಕ್ಕೆ, ಅಲ್ಲಿಂದ ಸುವರ್ಣದುರ್ಗಕ್ಕೆ ಓಡಿ, ಕೊನೆಗೆ ಇಂಗ್ಲಿಷರ ಹಡಗನ್ನೇರಿ ಮುಂಬಯಿಯ ಬಳಿಯ ವಸಯಿಗೆ ಬಂದು ಸೇರಿದ. ಈ ಎರಡನೆಯ ದಾರಿ ಅವನ ಮನೆತನಕ್ಕೆ ಹೊಸದಾಗಿರಲಿಲ್ಲ. ಅವನ ತಂದೆ ರಘುನಾಥರಾವ್ ಇದೇ ಪೇಶ್ವೆ ಪಟ್ಟದ ಆಸೆಗೆ 1775ರಲ್ಲಿ ಸೂರತ್ತಿನಲ್ಲಿ ಇಂಗ್ಲಿಷರೊಡನೆ ಕರಾರು ಮಾಡಿಕೊಂಡಿದ್ದ. ಅದರಿಂದ ಹೊತ್ತಿಕೊಂಡ ಯುದ್ಧವು 1782ರ ಸಾಲ್ಬಾಯಿ ಒಪ್ಪಂದದವರೆಗೆ ಏಳು ವರ್ಷ ಉರಿದಿತ್ತು.

1802ರ ಡಿಸೆಂಬರ್ 31ರಂದು ವಸಯಿಯಲ್ಲಿ ಕರಾರಿಗೆ ಸಹಿ ಬಿದ್ದಿತು. ಪೇಶ್ವೆಯನ್ನು ಗದ್ದುಗೆಗೆ ಮರಳಿಸುವುದು ಇಂಗ್ಲಿಷರ ಹೊಣೆ. ಅದಕ್ಕೆ ಪ್ರತಿಯಾಗಿ, 6,000ಕ್ಕೆ ಕಡಿಮೆಯಿಲ್ಲದ ಕಂಪನಿಯ ಕಾಲಾಳುಗಳು ತೋಪುಗಳೊಡನೆ ಪೇಶ್ವೆಯ ರಾಜ್ಯದಲ್ಲಿ ಕಾಯಂ ಆಗಿ ಬಿಡಾರ ಮಾಡುವರು. ಅವರ ವೆಚ್ಚಕ್ಕಾಗಿ ವರ್ಷಕ್ಕೆ 26 ಲಕ್ಷ ರೂಪಾಯಿ ಹುಟ್ಟುವಳಿಯ ಪ್ರದೇಶಗಳನ್ನು ಪೇಶ್ವೆ ಬಿಟ್ಟುಕೊಡಬೇಕು. ಇಂಗ್ಲಿಷರಿಗೆ ವೈರಿಗಳಾದ ಯೂರೋಪಿಯನ್ನರನ್ನು ಅವನು ನೌಕರಿಯಲ್ಲಿ ಇಟ್ಟುಕೊಳ್ಳಬಾರದು. ನಿಜಾಮ, ಗಾಯಕವಾಡರೊಡನೆ ಅವನಿಗಿದ್ದ ತಂಟೆಗಳಲ್ಲಿ ಇಂಗ್ಲಿಷರದೇ ಪಂಚಾಯಿತಿ. ಮೊದಲ ಕರಾರಿನಲ್ಲಿ ಸವಣೂರು, ಬಂಕಾಪುರಗಳ ಕನ್ನಡ ಸೀಮೆಯೂ ಈ ಬೆಲೆಯೊಳಗೆ ಸೇರಿತ್ತು. ಮರುವರ್ಷ ಅದನ್ನು ಬುಂದೇಲಖಂಡದೊಡನೆ ಬದಲಾಯಿಸಿಕೊಳ್ಳಲಾಯಿತು. ಒಬ್ಬ ಅರಸನ ಪ್ರಾಣಭಯಕ್ಕೆ ತೆತ್ತ ಬೆಲೆಯನ್ನು ಎಲ್ಲೆಲ್ಲಿಯೋ ಇದ್ದ ರೈತರ ಹೊಲಗಳಿಂದ ಎಣಿಸಲಾಗಿತ್ತೆಂಬುದು ಇಲ್ಲಿ ಗಮನಿಸಬೇಕಾದ ಅಂಶ.

ದಂಡು ಬರುವುದಕ್ಕೆ ಕರಾರಿನಲ್ಲಿ ದಾರಿಯಿತ್ತು. ಕೆಲಸ ಮುಗಿದ ಮೇಲೆ ಅದು ಹೊರಡುವುದಕ್ಕೆ ಯಾವ ದಾರಿಯೂ ಇರಲಿಲ್ಲ.

ತುಂಗಭದ್ರೆಯಿಂದ ಪುಣೆಗೆ

ಆ ದಂಡು ಹೊರಟದ್ದು ಕನ್ನಡನಾಡಿನಿಂದಲೇ. ಮದರಾಸಿನ ಸೈನ್ಯವು ಹರಿಹರದಲ್ಲಿ ನೆರೆದಿತ್ತು. ಅದರಿಂದ ಒಂದು ಭಾಗವನ್ನು ತೆಗೆದುಕೊಂಡು ಮೇಜರ್ ಜನರಲ್ ಆರ್ಥರ್ ವೆಲ್ಲೆಸ್ಲಿ 1803ರ ಮಾರ್ಚ್ 9ರಂದು ಹೊರಟ. ಮುಂದೆ ವಾಟರ್‌ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ವೆಲಿಂಗ್ಟನ್ ಡ್ಯೂಕನೆಂದು ಪ್ರಸಿದ್ಧನಾದವನು ಇವನೇ. ಅವನ ಜೊತೆಗೆ ಮೈಸೂರಿನ ದಿವಾನ್ ಪೂರ್ಣಯ್ಯ ಕಳುಹಿಸಿದ ಅಶ್ವದಳವಿತ್ತು. ತೋಪುಗಳನ್ನೂ ಸಾಮಗ್ರಿಯನ್ನೂ ಮೈಸೂರಿನ ಎತ್ತುಗಳು ಎಳೆದವು. ಲಂಬಾಣಿ ವರ್ತಕರು ಸಾವಿರಾರು ಎತ್ತುಗಳ ಮೇಲೆ ಅಕ್ಕಿ ಹೇರಿಕೊಂಡು ಹಿಂಬಾಲಿಸಿದರು. ಪರರ ಯುದ್ಧವೊಂದಕ್ಕೆ ಕನ್ನಡನಾಡಿನ ಕುದುರೆ, ಎತ್ತು, ಅಕ್ಕಿಗಳು ಹೀಗೆ ಸಾಲುಗೂಡಿ ಹೋದವು.

ತುಂಗಭದ್ರೆಯನ್ನು ದಾಟಿ, ಧಾರವಾಡ ಸೀಮೆಯನ್ನು ಹಾಯ್ದು, ಬೇಸಿಗೆಯಲ್ಲಿ ಬತ್ತುತ್ತಿದ್ದ ಮಲಪ್ರಭೆ, ಘಟಪ್ರಭೆ, ಕೃಷ್ಣೆಗಳನ್ನು ಕ್ರಮವಾಗಿ ಕ್ರಮಿಸಿ ದಂಡು ಮೀರಜಿನತ್ತ ನಡೆಯಿತು. ಜಮಖಂಡಿ, ಮುಧೋಳಗಳು ಅದರ ಹಾದಿಗೆ ಸ್ವಲ್ಪ ಪೂರ್ವಕ್ಕೆ ಉಳಿದವು. ವೆಲ್ಲೆಸ್ಲಿಗೆ ಈ ಸೀಮೆ ಅಪರಿಚಿತವಾಗಿರಲಿಲ್ಲ. 1800ರಲ್ಲಿ ಧೋಂಡಿಯಾ ವಾಘನನ್ನು ಬೆನ್ನಟ್ಟಿ ಅವನು ಮಲಪ್ರಭೆಯ ದಂಡೆಯವರೆಗೂ ಬಂದು ಹೋಗಿದ್ದ. ಲೂಟಿ ಮಾಡಿದ ಸಿಪಾಯಿಯನ್ನು ಅವನು ಕಠಿಣವಾಗಿ ದಂಡಿಸುತ್ತಿದ್ದನು. ಕೊಂಡ ಕಾಳುಕಡ್ಡಿಗೆ ಹಣ ಕೊಡಿಸುತ್ತಿದ್ದನು. ಹೋಳ್ಕರನ ಸವಾರರು ಸುಲಿದ ಊರುಗಳನ್ನು ಕಂಡಿದ್ದ ಜನಕ್ಕೆ ಇದು ಸಣ್ಣ ಮಾತಲ್ಲ.

ದಾರಿಯಲ್ಲಿ ಬಾಪು ಗೋಖಲೆಯೂ ಪಟವರ್ಧನರೂ ತಮ್ಮ ಸವಾರರೊಡನೆ ವೆಲ್ಲೆಸ್ಲಿಯನ್ನು ಕೂಡಿಕೊಂಡರು. ಪಟವರ್ಧನರ ಸ್ಥಿತಿ ವಿಚಿತ್ರವಾಗಿತ್ತು. ಯಾರನ್ನು ಗದ್ದುಗೆಗೆ ಮರಳಿಸಲು ಅವರು ಹೊರಟಿದ್ದರೋ ಅವನೇ ಅವರ ಜಹಗೀರುಗಳ ಮೇಲೆ ಕಣ್ಣಿಟ್ಟವನು. ಬಾಜಿರಾಯನ ಮೇಲಿನ ವಿಶ್ವಾಸಕ್ಕಿಂತ ಇಂಗ್ಲಿಷರ ನೆರಳು ಸುರಕ್ಷಿತವೆಂಬ ಎಣಿಕೆಯೇ ಅವರನ್ನು ನಡೆಸಿದಂತೆ ತೋರುತ್ತದೆ.

ಹೋಳ್ಕರನು ಅಷ್ಟರಲ್ಲಿ ಪುಣೆಯ ಸಾಹುಕಾರರಿಂದ ಹಣ ಹಿಂಡಿ ಉತ್ತರಕ್ಕೆ ಹೊರಟುಹೋಗಿದ್ದ. ಅವನು ಬಿಟ್ಟುಹೋದ ಅಮೃತರಾವ್ ಊರಿಗೆ ಬೆಂಕಿ ಹಚ್ಚುವನೆಂಬ ಸುದ್ದಿ ಹಬ್ಬಿತು. ವೆಲ್ಲೆಸ್ಲಿ ತನ್ನ ಕುದುರೆಸವಾರರೊಡನೆ 32 ಗಂಟೆಗಳಲ್ಲಿ ಸುಮಾರು 60 ಮೈಲಿ ಕ್ರಮಿಸಿ ಏಪ್ರಿಲ್ 20ರಂದು ಪುಣೆಯನ್ನು ಹೊಕ್ಕ. ಊರು ಉಳಿಯಿತು. ಮೇ 13ರಂದು ಬಾಜಿರಾಯನು ಮತ್ತೆ ಗದ್ದುಗೆಯನ್ನೇರಿದ. ಒಂದು ಗುಂಡೂ ಹಾರದೆ ಕಾರ್ಯ ಸಾಧಿಸಿತೆಂದು ಅಂದು ಯಾರಿಗಾದರೂ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಲಂಡನ್ನಿನ ವಾದ–ಪ್ರತಿವಾದ

ಆದರೆ ಈ ಕಾರ್ಯ ಸರಿಯೇ ಎಂಬ ಚರ್ಚೆ ಇಂಗ್ಲಿಷರಲ್ಲಿಯೇ ಎದ್ದಿತು. ಹಿಂದುಸ್ಥಾನದಲ್ಲಿ ರಾಜ್ಯ ವಿಸ್ತರಿಸುವ ಹಂಚಿಕೆಗಳು ತಮ್ಮ ರಾಷ್ಟ್ರದ ಇಚ್ಛೆ, ಗೌರವ, ನೀತಿಗಳಿಗೆ ವಿರುದ್ಧವೆಂದು ಬ್ರಿಟಿಷ್ ಪಾರ್ಲಿಮೆಂಟೇ 1784ರ ಕಾನೂನಿನಲ್ಲಿ ಸಾರಿತ್ತು. ಆ ನೀತಿಯನ್ನು ಹಿಡಿದು ಗವರ್ನರ್ ಜನರಲ್ ಸರ್ ಜಾನ್ ಶೋರ್ 1795ರಲ್ಲಿ ನಿಜಾಮನಿಗೂ ಮರಾಠರಿಗೂ ಖರ್ಡಾದಲ್ಲಿ ಯುದ್ಧವಾದಾಗ ಕೈಕಟ್ಟಿ ಕುಳಿತಿದ್ದ.

1798ರಲ್ಲಿ ಬಂದ ಗವರ್ನರ್ ಜನರಲ್ ರಿಚರ್ಡ್ ವೆಲ್ಲೆಸ್ಲಿ, ಆರ್ಥರನ ಅಣ್ಣ, ಈ ತಟಸ್ಥ ನೀತಿಯನ್ನು ಒಪ್ಪಲಿಲ್ಲ. ನೆರೆಮನೆಗೆ ಬೆಂಕಿ ಬಿದ್ದಾಗ ನಮ್ಮ ಮನೆಗೂ ಕಿಡಿ ಹಾರುತ್ತದೆಂಬುದು ಅವನ ವಾದದ ಸಾರ. ಸಿಂಧೆಯ ಸೈನ್ಯದಲ್ಲಿ ಫ್ರೆಂಚ್ ಅಧಿಕಾರಿಗಳಿದ್ದರು. ಪುಣೆಯನ್ನು ಸಿಂಧೆಯಾಗಲಿ ಹೋಳ್ಕರನಾಗಲಿ ಹಿಡಿದರೆ ಮೈಸೂರು, ಹೈದರಾಬಾದುಗಳ ಗಡಿಗಳು ಭದ್ರವಾಗಿ ಉಳಿಯವು. ಅಲ್ಲದೆ ರಾಜ್ಯದ ನ್ಯಾಯಬದ್ಧ ಅಧಿಕಾರಿಯಾದ ಪೇಶ್ವೆಯೇ ಕೈಮುಗಿದು ಕರೆದಿದ್ದಾನೆ. ಕರೆದವನ ಮನೆಗೆ ಹೋಗುವುದು ಆಕ್ರಮಣ ಹೇಗಾದೀತು?

ಹಿಂದುಸ್ಥಾನದ ವ್ಯವಹಾರಗಳ ಮೇಲ್ವಿಚಾರಣೆ ಹೊತ್ತ ಲಂಡನ್ನಿನ ಮಂಡಳಿಯ ಅಧ್ಯಕ್ಷ ಲಾರ್ಡ್ ಕ್ಯಾಸಲ್‌ರೇ 1804ರಲ್ಲಿ ಇದಕ್ಕೆ ಬರೆದ ಆಕ್ಷೇಪಣೆ ಅಷ್ಟೇ ತೂಕದ್ದು. ಮರಾಠರು ತಮ್ಮತಮ್ಮಲ್ಲೇ ಕಾದಾಡುವವರು. ಹೊರಗಿನವರು ಸುಮ್ಮನಿದ್ದರೆ ಅವರು ಒಂದಾಗುವ ಸಂಭವ ಕಡಿಮೆ. ನಾವೇ ಪುಣೆಗೆ ಕಾಲಿಟ್ಟರೆ ಅವರನ್ನು ನಮ್ಮ ವಿರುದ್ಧ ಒಗ್ಗೂಡಿಸಿದಂತಾಗುತ್ತದೆ. ಕೊನೆಯಿಲ್ಲದ ಒಂದು ಗೊಂದಲದಲ್ಲಿ ನಾವೇ ಸಿಕ್ಕಿಕೊಳ್ಳುತ್ತೇವೆ ಎಂಬುದು ಅವನ ಭಾವ. ಆರ್ಥರ್ ವೆಲ್ಲೆಸ್ಲಿ ಅಣ್ಣನ ಪಕ್ಷ ವಹಿಸಿ ಉತ್ತರ ಬರೆದ. ಆದರೂ ತಾನೇ ಗದ್ದುಗೆಯ ಮೇಲೆ ಕೂರಿಸಿದ ಪೇಶ್ವೆಯ ಬಗ್ಗೆ ಅವನ ಕಾಗದಗಳಲ್ಲಿ ಕಾಣುವುದು ತಿರಸ್ಕಾರವೇ. ಸ್ವಂತ ಸೈನ್ಯವಿಲ್ಲದ, ಹಗೆ ತೀರಿಸಿಕೊಳ್ಳುವುದರ ಹೊರತು ಬೇರೇನೂ ಬೇಡದ ಆ ಪೇಶ್ವೆ ಒಂದು ಸೊನ್ನೆಯೆಂದೂ, ಸೊನ್ನೆಯೊಡನೆ ಮಾಡಿಕೊಂಡ ಕರಾರಿಗೆ ಏನು ಬೆಲೆಯೆಂದೂ ಅವನಿಗೆ ಅರಿವಾಗಿತ್ತು.

ವಾದದ ತೀರ್ಪನ್ನು ರಣರಂಗವೇ ನೀಡಿತು. ಅದುವರೆಗೆ ಒಬ್ಬರನ್ನೊಬ್ಬರು ನಂಬದಿದ್ದ ಸಿಂಧೆ, ಭೋಸಲೆಯರು ವಸಯಿಯ ಕರಾರನ್ನು ಕಂಡು ಕೂಡಿಕೊಂಡರು. 1803ರ ಸೆಪ್ಟೆಂಬರ್ 23ರಂದು ಅಸ್ಸಾಯಿಯಲ್ಲಿ ವೆಲ್ಲೆಸ್ಲಿ ಗೆದ್ದನಾದರೂ ಅವನ ಕಡೆ ಸತ್ತವರೂ ಗಾಯಗೊಂಡವರೂ ಸೇರಿ ಸುಮಾರು 1,600 ಮಂದಿ. ಮರುವರ್ಷ ಹೋಳ್ಕರನೊಡನೆ ಮತ್ತೊಂದು ಯುದ್ಧ ಹೊತ್ತಿ 1805ರ ಡಿಸೆಂಬರಿನವರೆಗೆ ನಡೆಯಿತು. ದಖ್ಖನಿನಲ್ಲಿ 1803–04ರ ಭೀಕರ ಕ್ಷಾಮ. ಮಳೆ ತಪ್ಪಿದ್ದು ಒಂದು ಕಾರಣವಾದರೆ ದಂಡುಗಳು ತುಳಿದ ಹೊಲಗಳು ಇನ್ನೊಂದು ಕಾರಣ. ಕಂಪನಿಯ ಸಾಲ ಬೆಟ್ಟದಂತೆ ಬೆಳೆಯಿತು. 1805ರಲ್ಲಿ ಗವರ್ನರ್ ಜನರಲ್ ವೆಲ್ಲೆಸ್ಲಿಯು ಅಧಿಕಾರ ಬಿಟ್ಟು ಇಂಗ್ಲೆಂಡಿಗೆ ಮರಳಬೇಕಾಯಿತು. ಪುಣೆಯಲ್ಲಿ ಬಿಡಾರ ಹೂಡಿದ ಸೈನ್ಯ ಮಾತ್ರ ಮರಳಲಿಲ್ಲ.

ಮನ್ರೋ ಕಂಡ ಸತ್ಯ

ಹದಿನಾಲ್ಕು ವರ್ಷಗಳ ತರುವಾಯ ಈ ಇಡೀ ಪದ್ಧತಿಯ ಮರ್ಮವನ್ನು ಹಿಡಿದು ಹೇಳಿದವನು ಥಾಮಸ್ ಮನ್ರೋ. 1817ರಲ್ಲಿ ಪೇಶ್ವೆಯಿಂದ ಇಂಗ್ಲಿಷರಿಗೆ ಬಂದ ಧಾರವಾಡ ಸೀಮೆಯ ಆಡಳಿತ ಅವನ ಕೈಗೆ ಬಂದಿತ್ತು. ಆ ವರ್ಷದ ಆಗಸ್ಟಿನಲ್ಲಿ ಅವನು ಗವರ್ನರ್ ಜನರಲ್ ಲಾರ್ಡ್ ಹೇಸ್ಟಿಂಗ್ಸನಿಗೆ ಬರೆದ ಪತ್ರವು ಇಂದಿಗೂ ಓದತಕ್ಕದ್ದು. ಅದರ ತಾತ್ಪರ್ಯವಿಷ್ಟು: ಹಿಂದುಸ್ಥಾನದಲ್ಲಿ ಕೆಟ್ಟ ಅರಸನಿಗೆ ಸಾಮಾನ್ಯವಾಗಿ ಎರಡು ಮದ್ದುಗಳಿದ್ದವು, ಅರಮನೆಯೊಳಗೆ ಸದ್ದಿಲ್ಲದ ಬದಲಾವಣೆ, ಇಲ್ಲವೇ ಪ್ರಜೆಗಳ ದಂಗೆ. ಇಂಗ್ಲಿಷರ ಸೈನ್ಯವು ಅವನ ಬಾಗಿಲಲ್ಲಿ ನಿಂತೊಡನೆ ಈ ಎರಡೂ ಮದ್ದುಗಳು ಇಲ್ಲವಾಗುತ್ತವೆ. ಕಾವಲಿಗೆ ಪರರಿರುವುದರಿಂದ ಅರಸನು ಸೋಮಾರಿಯಾಗುತ್ತಾನೆ. ಪ್ರಜೆಗಳ ದ್ವೇಷಕ್ಕೆ ಹೆದರಬೇಕಾಗಿಲ್ಲದ್ದರಿಂದ ಕ್ರೂರಿಯೂ ದುರಾಸೆಯವನೂ ಆಗುತ್ತಾನೆ.

ಬಾಜಿರಾಯನ ಆಳ್ವಿಕೆಗೆ ಇದಕ್ಕಿಂತ ತಕ್ಕ ವರ್ಣನೆ ದೊರೆಯಲಾರದು. ಮನ್ರೋನ ಪತ್ರದ ಶಾಯಿ ಒಣಗುವ ಮೊದಲೇ ಯುದ್ಧ ಬಂದಿತು. 1817ರ ನವೆಂಬರ್ 5ರಂದು ಖಡಕಿಯಲ್ಲಿ ಪೇಶ್ವೆಯು ತಾನು ಕರೆದು ತಂದ ಸೈನ್ಯದ ಮೇಲೆಯೇ ತಿರುಗಿಬಿದ್ದ. ಮನ್ರೋನ ಬಳಿ ಸಿದ್ಧ ಸೈನ್ಯ ಅಲ್ಪವಿತ್ತು. ಅವನು ಊರೂರುಗಳ ಪ್ಯಾದೆಗಳನ್ನು ಕಲೆಹಾಕಿಕೊಂಡು ಗದಗ, ಹುಬ್ಬಳ್ಳಿಗಳನ್ನು ಹಿಡಿದು, 1818ರ ಫೆಬ್ರವರಿಯಲ್ಲಿ ಬಾದಾಮಿ, ಬಾಗಲಕೋಟೆಗಳನ್ನು ವಶಪಡಿಸಿಕೊಂಡ. ಜನರು ಪೇಶ್ವೆಗಾಗಿ ಹೋರಾಡಲಿಲ್ಲ. ಅನೇಕ ಕಡೆ ಅವನ ಕಾವಲು ಪಡೆಗಳನ್ನು ತಾವೇ ಹೊರಗಟ್ಟಿದರು. ಹದಿನೈದು ವರ್ಷ ಪರರ ಬಂದೂಕನ್ನು ನಂಬಿದ ಅರಸನಿಗೆ ತನ್ನವರು ಎನ್ನುವವರು ಉಳಿದಿರಲಿಲ್ಲ. 1818ರ ಜೂನಿನಲ್ಲಿ ಬಾಜಿರಾಯನು ಶರಣಾಗಿ, ವರ್ಷಕ್ಕೆ 8 ಲಕ್ಷ ರೂಪಾಯಿ ಪಿಂಚಣಿ ಪಡೆದು ಗಂಗಾತೀರದ ಬಿಠೂರಿಗೆ ಹೋದ.

ಜಮಖಂಡಿ ಉಳಿಯಿತು, ಹಲಗಲಿ ಉರಿಯಿತು

ಪೇಶ್ವಾಯಿ ಅಳಿದರೂ ಜಮಖಂಡಿ ಉಳಿದದ್ದು ಹೇಗೆ? ಗದ್ದುಗೆ ಭದ್ರವಾದೊಡನೆ ಬಾಜಿರಾಯನು ದಕ್ಷಿಣದ ಜಹಗೀರದಾರರನ್ನು ಮುಗಿಸಲು ಕೈಹಾಕಿದ್ದ. 1812ರಲ್ಲಿ ಇಂಗ್ಲಿಷ್ ರೆಸಿಡೆಂಟ್ ಎಲ್ಫಿನ್‌ಸ್ಟನ್ ಪಂಢರಪುರದಲ್ಲಿ ಇಬ್ಬರ ನಡುವೆ ಒಪ್ಪಂದ ಮಾಡಿಸಿದ. ಜಹಗೀರದಾರರು ಹಳೆಯ ಕ್ರಮದಂತೆ ಪೇಶ್ವೆಗೆ ಸವಾರರನ್ನು ಒದಗಿಸಬೇಕು. ಪೇಶ್ವೆ ಅವರ ಭೂಮಿಗೆ ಕೈಹಾಕಬಾರದು. ಇದಕ್ಕೆ ಇಂಗ್ಲಿಷರ ಹೊಣೆ. ಮಧ್ಯಸ್ಥಿಕೆಯಿಂದ ದುರ್ಬಲನಿಗೆ ರಕ್ಷಣೆ ದೊರೆತದ್ದು ನಿಜ, ಅದನ್ನು ಮರೆಮಾಚಬೇಕಾಗಿಲ್ಲ. ಪೇಶ್ವೆಯ ಪತನದ ನಂತರ, 1819ರ ಸುಮಾರಿಗೆ, ಸಾಂಗಲಿ, ಜಮಖಂಡಿ, ಮುಧೋಳದವರು ಇಂಗ್ಲಿಷರೊಡನೆ ನೇರವಾಗಿ ಕರಾರು ಮಾಡಿಕೊಂಡು ತಮ್ಮ ತಮ್ಮ ಊರುಗಳಿಗೆ ಸಂಸ್ಥಾನಿಕರಾದರು. ರಬಕವಿ–ಬನಹಟ್ಟಿಗಳ ನಡುವಣ ಗೆರೆ ಕಲ್ಲಾದದ್ದು ಹೀಗೆ. ದೂರದ ಕುಂದಗೋಳವೂ ಜಮಖಂಡಿಗೆ ಸೇರಿಯೇ ಉಳಿಯಿತು.

ಆ ರಕ್ಷಣೆಯ ಇನ್ನೊಂದು ಮುಖ 1857ರಲ್ಲಿ ಹಲಗಲಿಗೆ ಕಾಣಿಸಿತು. ಮುಧೋಳ ಸಂಸ್ಥಾನದ ಈ ಹಳ್ಳಿಯ ಬೇಡರಿಗೆ ಆಯುಧವೆಂದರೆ ಕುಲಧರ್ಮ, ಅನ್ನ, ಮರ್ಯಾದೆ ಮೂರೂ ಆಗಿತ್ತು. ಉತ್ತರದ ದಂಗೆಗೆ ಬೆದರಿದ ಕಂಪನಿಯ ಸರಕಾರವು ಆಯುಧಗಳನ್ನು ಒಪ್ಪಿಸಬೇಕೆಂದು ಕಾನೂನು ಮಾಡಿತು. ಬೇಡರು ಒಪ್ಪಲಿಲ್ಲ, ಮುಧೋಳದ ಅಧಿಕಾರಿಗಳ ಮಾತೂ ನಡೆಯಲಿಲ್ಲ. ನವೆಂಬರ್ ಕೊನೆಯಲ್ಲಿ ಕರ್ನಲ್ ಮಾಲ್ಕಮ್ಮನ ದಂಡು ಬಂದು ಹಳ್ಳಿಯನ್ನು ಮುತ್ತಿತು. ಊರಿಗೆ ಬೆಂಕಿ ಬಿದ್ದಿತು. ಸೆರೆಸಿಕ್ಕವರಲ್ಲಿ 19 ಮಂದಿಯನ್ನು, ಕೆಲವರನ್ನು ಮುಧೋಳದ ಸಂತೆಯ ದಿನವೂ ಉಳಿದವರನ್ನು ಹಲಗಲಿಯಲ್ಲಿಯೂ, ಗಲ್ಲಿಗೇರಿಸಲಾಯಿತು. ಜಡಗ, ಬಾಲ, ಹನುಮ, ರಾಮರ ಹೆಸರುಗಳನ್ನು ಲಾವಣಿಕಾರರು ಉಳಿಸಿಕೊಂಡರು.

ಹಳೆಯ ಸಂಸ್ಥಾನಿಕರೇನೂ ಶಾಂತಮೂರ್ತಿಗಳಲ್ಲ. ಅವರೂ ಊರುಗಳನ್ನು ಸುಟ್ಟದ್ದುಂಟು. ಆದರೆ ತನ್ನ ಗಡಿಯನ್ನು ಬೇಡರ ಬಿಲ್ಲಿನಿಂದಲೇ ಕಾಯಿಸಿಕೊಳ್ಳುತ್ತಿದ್ದ ದೊರೆಗೆ ಅವರೊಡನೆ ಒಂದು ಹದಕ್ಕೆ ಬರದೆ ಗತಿಯಿರಲಿಲ್ಲ. ಗಡಿ ಕಾಯುವ ಕೆಲಸ ಕಂಪನಿಯ ಪಾಲಾದ ಮೇಲೆ ಬೇಡರ ಬಿಲ್ಲು ಯಾರಿಗೂ ಬೇಡವಾಯಿತು. ಸ್ವಂತ ದೊರೆಯೊಡನೆ ಮಾತನಾಡಿ ಮುಗಿಸಿಕೊಳ್ಳಬಹುದಾಗಿದ್ದ ವ್ಯಾಜ್ಯಕ್ಕೆ ಪರರ ದಂಡು ಬಂದು ತೀರ್ಪು ಕೊಟ್ಟಿತು. ನಲವತ್ತು ವರ್ಷಗಳ ಹಿಂದೆ ಮನ್ರೋ ಕಾಗದದ ಮೇಲೆ ಬರೆದಿದ್ದುದನ್ನು ಹಲಗಲಿ ತನ್ನ ಮೈಮೇಲೆ ಅನುಭವಿಸಿತು.

1948ರಲ್ಲಿ ಈ ಗೆರೆಗಳನ್ನು ಅಳಿಸುವ ಕಾಲ ಬಂದಾಗ ಯಾವ ದಂಡೂ ಬೇಕಾಗಲಿಲ್ಲವೆಂಬುದು ನೆನೆಯತಕ್ಕ ಮಾತು. ಸಾವಳಗಿಯ ಬಿ. ಡಿ. ಜತ್ತಿಯವರು ಆಗ ಜಮಖಂಡಿ ಸಂಸ್ಥಾನದ ಮುಖ್ಯಮಂತ್ರಿಗಳು. ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಗಳೂ ಭಾರತದ ಉಪರಾಷ್ಟ್ರಪತಿಗಳೂ ಆದವರು. ಆ ವರ್ಷದ ಮಾರ್ಚ್ 8ರಂದು ಜಮಖಂಡಿ, ಮುಧೋಳ, ಸಾಂಗಲಿಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು.

ಇಂದಿನ ಜಗತ್ತಿನಲ್ಲಿ

ವಸಯಿಯ ಪ್ರಶ್ನೆ ಇಂದಿಗೂ ಹಳತಾಗಿಲ್ಲ. ಎರಡನೆಯ ಮಹಾಯುದ್ಧದ ತರುವಾಯ ವಿಶ್ವಸಂಸ್ಥೆಯ ಸನ್ನದು ಒಂದು ರಾಷ್ಟ್ರದ ಆಂತರಿಕ ವಿಷಯಗಳಲ್ಲಿ ಕೈಹಾಕಬಾರದೆಂದು ವಿಧಿಸಿತು. ಜಗತ್ತಿನ ಶಾಂತಿಗೆ ಭಂಗ ಬಂದಾಗ ಭದ್ರತಾ ಮಂಡಲಿಯು ಬಲಪ್ರಯೋಗಕ್ಕೆ ಅನುಮತಿ ಕೊಡಬಹುದೆಂದೂ ಹೇಳಿತು. ಈ ಎರಡು ಮಾತುಗಳ ನಡುವಣ ಇಕ್ಕಟ್ಟಿನಲ್ಲಿಯೇ ಎಲ್ಲ ಚರ್ಚೆಗಳೂ ನಡೆಯುತ್ತಿವೆ.

ಆ ಇಕ್ಕಟ್ಟಿನಲ್ಲಿ ನಿಂತು ಕೆಲಸ ಮಾಡಿದವರಲ್ಲಿ ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯನವರೊಬ್ಬರು. ಎರಡೂ ಕಡೆ ಪರರಾಷ್ಟ್ರಗಳ ಸೈನ್ಯಗಳು ನುಗ್ಗಿ ಮೂರು ವರ್ಷ ನಡೆದ ಕೊರಿಯಾ ಯುದ್ಧ 1953ರಲ್ಲಿ ನಿಂತಾಗ, ತಾಯ್ನಾಡಿಗೆ ಮರಳಲೊಪ್ಪದ 22,000ಕ್ಕೂ ಹೆಚ್ಚು ಯುದ್ಧಕೈದಿಗಳ ಗತಿಯನ್ನು ನಿರ್ಣಯಿಸಲು ತಟಸ್ಥ ರಾಷ್ಟ್ರಗಳ ಆಯೋಗವೊಂದು ನೇಮಕವಾಯಿತು. ಅದರ ಅಧ್ಯಕ್ಷರು ತಿಮ್ಮಯ್ಯನವರು. ಗ್ರೀಕರೂ ತುರ್ಕರೂ ಹೊಡೆದಾಡುತ್ತಿದ್ದ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯ ನಾಯಕರಾಗಿದ್ದಾಗಲೇ 1965ರ ಡಿಸೆಂಬರಿನಲ್ಲಿ ಅವರು ನಿಧನರಾದರು. ಯಾವ ಪಕ್ಷವನ್ನೂ ಗೆಲ್ಲಿಸಲು ಹೋಗದೆ ಎರಡು ಪಕ್ಷಗಳ ನಡುವೆ ನಿಲ್ಲುವ ಸೈನಿಕನ ಕೆಲಸ ವೆಲ್ಲೆಸ್ಲಿಯ ಕೆಲಸಕ್ಕಿಂತ ಬೇರೆಯೇ ಜಾತಿಯದು.

ಭಾರತವೂ ಪರರ ಅಂತಃಕಲಹದೊಳಗೆ ಕಾಲಿಟ್ಟದ್ದುಂಟು. 1971ರ ಡಿಸೆಂಬರಿನಲ್ಲಿ ಪೂರ್ವ ಬಂಗಾಳದಲ್ಲಿ ಯುದ್ಧ ನಡೆಯುತ್ತಿದ್ದಾಗ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ 104 ರಾಷ್ಟ್ರಗಳು ಕದನವಿರಾಮ ಬೇಕೆಂದವು, ಬೇಡವೆಂದವು 11. ಆದರೆ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದಿದ್ದರು. ಅಲ್ಲಿನ ಜನತೆಯ ಬಹುಮತ ಚುನಾವಣೆಯಲ್ಲಿಯೇ ಪ್ರಕಟವಾಗಿತ್ತು. ಮತ್ತು 1972ರ ಮಾರ್ಚಿನೊಳಗೆ ಭಾರತದ ಸೈನ್ಯ ಹೊರಟುಬಂದಿತು. 1987ರ ಜುಲೈ 29ರ ಒಪ್ಪಂದದ ಮೇರೆಗೆ ಶ್ರೀಲಂಕೆಗೆ ಹೋದ ಶಾಂತಿಪಾಲನಾ ಪಡೆಯ ಕಥೆ ಬೇರೆ. ಕರೆದದ್ದು ಅಲ್ಲಿನ ಸರಕಾರ. ಯಾರ ರಕ್ಷಣೆಗೆಂದು ಹೋಗಿತ್ತೋ ಆ ತಮಿಳರ ಸಶಸ್ತ್ರ ಗುಂಪಿನೊಡನೆಯೇ ಯುದ್ಧ ಮಾಡಬೇಕಾಗಿ ಬಂದಿತು. ಸಾವಿರಕ್ಕೂ ಹೆಚ್ಚು ಭಾರತೀಯ ಯೋಧರು ಮಡಿದರು. ಬಂದ ಹೊಸ ಅಧ್ಯಕ್ಷ ಪ್ರೇಮದಾಸರು ಹೊರಡಿರೆಂದರು. 1990ರ ಮಾರ್ಚಿನಲ್ಲಿ ಪಡೆ ಮರಳಿತು.

2011ರ ಮಾರ್ಚ್ 17ರಂದು ಲಿಬಿಯಾದ ನಾಗರಿಕರ ರಕ್ಷಣೆಗೆ ಬಲಪ್ರಯೋಗವನ್ನು ಒಪ್ಪಿದ ನಿರ್ಣಯ ಭದ್ರತಾ ಮಂಡಲಿಯ ಮುಂದೆ ಬಂದಾಗ ಭಾರತ ಮತ ಚಲಾಯಿಸದೆ ಉಳಿಯಿತು. ಗದ್ದಾಫಿ ಅದೇ ಅಕ್ಟೋಬರಿನಲ್ಲಿ ಹತನಾದ. 2014ರಲ್ಲಿ ಆ ದೇಶ ಮತ್ತೊಂದು ಅಂತಃಕಲಹಕ್ಕೆ ಬಿದ್ದಿತು. ಹಾಗೆಂದು ಕೈಕಟ್ಟಿ ಕೂರುವುದೇ ಧರ್ಮವೆನ್ನುವವರು 1994ರ ರುವಾಂಡಾಕ್ಕೆ ಉತ್ತರ ಹೇಳಬೇಕಾಗುತ್ತದೆ. ಜಗತ್ತು ನೋಡುತ್ತಿದ್ದಂತೆ ಅಲ್ಲಿ ಸುಮಾರು ನೂರು ದಿನಗಳಲ್ಲಿ ಕೊಲೆಯಾದವರು ಸುಮಾರು 8 ಲಕ್ಷ.

ರನ್ನನ ನಾಡಿನ ವಿವೇಕ

ಅಂತಃಕಲಹದ ಕೊನೆಯನ್ನು ಕನ್ನಡದಲ್ಲಿ ಚಿತ್ರಿಸಿದ ಮಹಾಕವಿ ರನ್ನ ಮುಧೋಳದವನೆಂಬುದು ಅರ್ಥಪೂರ್ಣವಾದ ಯೋಗ. ದಾಯಾದಿಗಳ ಯುದ್ಧದಲ್ಲಿ ಗೆದ್ದವನಿಗೂ ಉಳಿಯುವುದೇನೆಂಬುದು ಅವನ 'ಗದಾಯುದ್ಧ'ವನ್ನು ಓದಿದವರಿಗೆ ಗೊತ್ತು. ಭಾರತದ ಆ ಯುದ್ಧದಿಂದ ಹೊರಗುಳಿದ ಇಬ್ಬರನ್ನು ಕಥೆ ಹೆಸರಿಸುತ್ತದೆ. ಎರಡು ಕಡೆಯವರೂ ತನ್ನವರೇ ಎಂದು ನೊಂದು ಬಲರಾಮನು ತೀರ್ಥಯಾತ್ರೆಗೆ ಹೊರಟ. ರುಕ್ಮಿಯಾದರೋ ಒಂದು ಅಕ್ಷೋಹಿಣಿಯೊಡನೆ ಬಂದು, ಹೆದರಿಕೆಯಿದ್ದರೆ ನೆರವಾಗುವೆನೆಂದು ಅರ್ಜುನನಿಗೆ ಹೇಳಿದ. ಅವನು ಬೇಡವೆಂದಾಗ ಅದೇ ಮಾತನ್ನು ದುರ್ಯೋಧನನಿಗೆ ಹೇಳಿದ. ಇಬ್ಬರೂ ಅವನನ್ನು ಹಿಂದಕ್ಕೆ ಕಳುಹಿಸಿದರು. ಪ್ರಾಣಕ್ಕೆ ಪ್ರಾಣ ಕೊಡಲು ನಿಂತ ಆ ದಾಯಾದಿಗಳಿಗೂ ಇಂಥ ನೆರವಿನ ಬೆಲೆ ಎಷ್ಟೆಂಬ ಎಚ್ಚರವಿತ್ತು. ಬಾಜಿರಾಯನಿಗೆ ಅದು ಇರಲಿಲ್ಲ.

ಪರರ ಅಂತಃಕಲಹಕ್ಕೆ ಸೈನ್ಯ ಕಳುಹಿಸಬೇಕೆ ಬೇಡವೆ ಎಂಬ ಪ್ರಶ್ನೆಗೆ ಎಲ್ಲ ಕಾಲಕ್ಕೂ ಸಲ್ಲುವ ಒಂದೇ ಉತ್ತರ ಇರಲಾರದು. ಆದರೆ ಪ್ರತಿಸಲವೂ ಕೇಳಬೇಕಾದ ಪ್ರಶ್ನೆಗಳನ್ನು ಕೃಷ್ಣಾತೀರದ ಈ ಊರುಗಳ ಚರಿತ್ರೆ ಕಲಿಸಿಕೊಟ್ಟಿದೆ. ಕರೆದವರು ಯಾರು: ಜನರೋ, ಜನರಿಗೆ ಹೆದರಿ ಓಡಿದ ಅರಸನೋ? ವೆಚ್ಚ ಯಾರ ಹೊಲದ ಮೇಲೆ ಬೀಳುತ್ತದೆ? ದಂಡು ಹೊರಡುವ ದಿನವನ್ನು ಗೊತ್ತುಪಡಿಸುವ ಅಧಿಕಾರ ಯಾರದು? ಮೂರನೆಯ ಪ್ರಶ್ನೆಗೆ ವಸಯಿಯ ಕರಾರಿನಲ್ಲಿ ಉತ್ತರವಿರಲಿಲ್ಲ. ಆ ಉತ್ತರ ದೊರೆಯುವಷ್ಟರಲ್ಲಿ 145 ವರ್ಷಗಳೇ ಕಳೆದಿದ್ದವು.